ಪೇಪರ್ ದೊರೆಯ ಪೆಟ್ಟಿಗೆಯಲ್ಲಿ ಹದಿನೇಳನೆಯ ಕಾಗದ

ಆದೋನಿ, ಅಕ್ಟೋಬರ್ 31, ಶುಕ್ರವಾರ

ಹೊರಡುವ ಹಿಂದಿನ ದಿನ ನನ್ನ ಸೂಟ್‌ಕೇಸಿನ ಜಿಪ್ ಏನು ಮಾಡಿದರೂ ಮುಚ್ಚಲಿಲ್ಲ. ಚಿಕ್ಕಜ್ಜಿ ನೀಲಮ್ಮ ಬಂದು ಅದರ ಮೇಲೆ ಕುಳಿತಳು. ಜಿಪ್ ಮುಚ್ಚಿತು. ಆಮೇಲೂ ಅವಳು ಏಳಲಿಲ್ಲ.

"ಗಿರಿಜವ್ವಾ, ಅಲ್ಲಿ ನನ್ನ ಕೈಬರಹದ್ದು ಒಂದು ಕಾಗದ ಐತಿ. ಸಿಕ್ರ ಹರದು ಬಿಡು."

"ಹರದ್ರ ನನ್ನ ಹಿಡದು ಒಳಗ ಹಾಕ್ತಾರ ಅಜ್ಜಿ. ಅದು ಪತ್ರಾಗಾರ."

"ಹಂಗಾರ ಯಾರೂ ನೋಡದಂಗ ಮುಚ್ಚಿ ಇಡಸು. ನೀನೂ ಓದಬ್ಯಾಡ."

ನಾನು ಗ್ರಂಥಾಲಯ ವಿಜ್ಞಾನ ಓದಿದವಳು. ಜರ್ಮನಿಯ ಒಂದು ಪತ್ರಾಗಾರದಲ್ಲಿ, ರಾಜಕೀಯ ಲೇಖಕರೂ ಸಂಪಾದಕರೂ ಆಗಿದ್ದ ಒಬ್ಬರ ಕಾಗದಪತ್ರಗಳನ್ನು ಅವರು ತೀರಿಕೊಂಡ ಮೇಲೆ ಜೋಡಿಸಿಟ್ಟಿದ್ದಾರೆ. ಇನ್ನೂರ ಹನ್ನೆರಡು ಪೆಟ್ಟಿಗೆ. ಅದರಲ್ಲೊಂದು ಪೆಟ್ಟಿಗೆಯಲ್ಲಿ ನಮ್ಮ ಆದೋನಿಯಿಂದ ಹೋದ ಇಪ್ಪತ್ಮೂರು ಕಾಗದಗಳಿವೆ. ಮೇಲಿನ ಚೀಟಿಯಲ್ಲಿ 'ತೆಲುಗು' ಎಂದು ಬರೆದಿದ್ದರಂತೆ. ಆಂಧ್ರದಿಂದ ಬಂದದ್ದು ಮತ್ತೇನಾಗಿರಬೇಕು? ತೆಲುಗು ಬಲ್ಲವರೊಬ್ಬರು ನೋಡಿ, ಅಕ್ಷರಗಳು ನಮ್ಮವೇ ಎಂಬಂತೆ ಕಾಣುತ್ತವೆ, ಮಾತು ನಮ್ಮದಲ್ಲ ಎಂದರು. ಹಾಗೆ ಕೈಯಿಂದ ಕೈಗೆ ದಾಟಿದ ವಿಚಾರಣೆ ನನ್ನ ಪ್ರಾಧ್ಯಾಪಕರಿಗೆ ಬಂತು, ಅವರಿಂದ ನನಗೆ. ಮೂರು ವಾರ ಅಲ್ಲಿದ್ದು, ಪ್ರತಿ ಕಾಗದದಲ್ಲಿ ಏನಿದೆ ಎಂದು ಒಂದೊಂದು ಸಾಲು ಬರೆದುಕೊಡುವುದು ನನ್ನ ಕೆಲಸ.

ಆ ಕಾಗದಗಳನ್ನು ಬರೆದವಳು ಚಿಕ್ಕಜ್ಜಿ, ನನ್ನ ಅಜ್ಜಿಯ ತಂಗಿ. ಅದು ಐವತ್ತು ವರ್ಷದ ಹಿಂದಿನ ಮಾತು, ಆಗ ಅವಳಿಗೆ ಹದಿನೆಂಟು. ಅವಳ ಅಪ್ಪ ಆದೋನಿಯ ಒಂದು ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಗುಮಾಸ್ತರು. ಅದನ್ನು ಮುಚ್ಚಿ ಬಹಳ ವರ್ಷಗಳಾದವು. ಜರ್ಮನರು ತೊಡುವ ಅಂಗಿಯ ಹತ್ತಿ ಯಾರ ಕೈ ದಾಟಿ ಬರುತ್ತದೆ ಎಂದು ನೋಡಲು ಆ ಸಂಪಾದಕರು ಬಂದಿದ್ದರಂತೆ. ಎರಡು ವಾರ ಜಿನ್ನಿನ ಅಂಗಳದಲ್ಲಿ ಹೆಂಗಸರ ನಡುವೆ ಕುಳಿತರು. ಹೋಗುವಾಗ, "ನಾನು ನೋಡಿದ್ದು ಸಾಲದು, ವಾರ ವಾರ ನೀವೇ ಬರೆಯಿರಿ, ನನ್ನ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇನೆ" ಎಂದರು. ಹೆಂಗಸರು ಅವರನ್ನು 'ಪೇಪರ್ ದೊರಿ' ಎಂದು ಕರೆದರು. ಅಕ್ಷರ ಬರುತ್ತಿದ್ದವಳು ನೀಲಮ್ಮ ಒಬ್ಬಳೇ. ಅವರು ಹೇಳಬೇಕು, ಇವಳು ಬರೆಯಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಎಲ್ಲರೂ ಹೆಬ್ಬೆಟ್ಟು ಒತ್ತಬೇಕು. ಕಾಗದ ಬಳ್ಳಾರಿಯಲ್ಲಿದ್ದ, ಜರ್ಮನ್ ಬಲ್ಲ ದುಭಾಷಿ ಮೇಷ್ಟ್ರಿಗೆ ಹೋಗಿ, ಅವರ ಅನುವಾದದ ಜೊತೆ ಜರ್ಮನಿಗೆ ಹೋಗುತ್ತಿತ್ತು.

"ಯಾವ ಕಾಗದ ಅಜ್ಜಿ?"

"ಹದಿನೇಳನೇದು. ಹನುಮಕ್ಕ ಹೇಳಿ ಬರಸಿದ್ದು. ಆಗ ಸಿಟ್ಟಿನಾಗ ಏನೇನೋ ಅಂದಾಳ. ಈಗ ಮೊಮ್ಮಕ್ಕಳು ಓದಿದ್ರ ಆಕಿ ಮರ್ಯಾದಿ ಏನಾಗಬೇಕು?"

ಹನುಮಕ್ಕ ಆ ಜಿನ್ನಿನ ಹೆಂಗಸರಲ್ಲೊಬ್ಬಳು, ಕೋಸಗಿಯವಳು. ವರ್ಷಕ್ಕೊಮ್ಮೆ ಶೇಂಗಾ ತಂದು ನಮ್ಮ ಪಡಸಾಲೆಯಲ್ಲಿ ಕೂರುತ್ತಾಳೆ. ಚಹಾ ಕುಡಿಯುತ್ತ ಪೇಪರ್ ದೊರೆಯನ್ನು ಬಯ್ಯುತ್ತಾಳೆ: "ನಾ ಹೇಳಿದ ಒಂದು ಮಾತು ಅಚ್ಚ ಹಾಕಲಿಲ್ಲ ಆ ಮನಷಾ, ತಿಂದು ನೀರು ಕುಡದ." ಚಿಕ್ಕಂದಿನಿಂದ ಕೇಳಿದ್ದೇನೆ, ನಗುತ್ತಿದ್ದೆ. ಯಾವ ಮಾತು ಎಂದು ಕೇಳಿರಲಿಲ್ಲ.

ಡೈರಿಯಲ್ಲಿ ಬರೆದುಕೊಂಡೆ: ಸೂಟ್‌ಕೇಸ್ ಒಂದು, ಕೈಚೀಲ ಒಂದು, ಚಿಕ್ಕಜ್ಜಿ ವಹಿಸಿದ ಕೆಲಸ ಒಂದು.

ಪತ್ರಾಗಾರದ ಬಾಗಿಲು, ನವೆಂಬರ್ 3, ಸೋಮವಾರ

ಮೊದಲ ದಿನವೇ ಎರಡು ತಪ್ಪು ಮಾಡಿದೆ.

ಪುಸ್ತಕ, ಕಾಗದ ಇರುವ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ನನಗೆ ರೂಢಿಯಿಲ್ಲ. ಓದುವ ಕೋಣೆಯ ಬಾಗಿಲಲ್ಲಿ ಹೊಸ ಬೂಟು ಬಿಚ್ಚಿ ಗೋಡೆಗೆ ಒತ್ತಿ ಇಟ್ಟು ಒಳಗೆ ಹೋದೆ. ಮಧ್ಯಾಹ್ನ ಹೊರಗೆ ಬಂದರೆ ಬೂಟು ಇಲ್ಲ. ನಮ್ಮಲ್ಲಿ ಗುಡಿಯ ಮುಂದೆ ಚಪ್ಪಲಿ ಕಳೆದರೆ ಪೀಡೆ ಹೋಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನವೆಂಬರಿನ ಜರ್ಮನಿಯಲ್ಲಿ, ಕಲ್ಲು ನೆಲದ ಮೇಲೆ ಕಾಲುಚೀಲದಲ್ಲಿ ನಿಂತಾಗ ಆ ಸಮಾಧಾನ ಬರಲಿಲ್ಲ.

ಕಾವಲಿನವರು ಅದನ್ನು 'ಕಳೆದುಹೋದ ವಸ್ತುಗಳ' ಕಪಾಟಿನಲ್ಲಿ ಇಟ್ಟಿದ್ದರು. ಬಣ್ಣ, ಅಳತೆ, ಸಿಕ್ಕ ಹೊತ್ತು ಎಲ್ಲವನ್ನೂ ವಹಿಯಲ್ಲಿ ಬರೆದಿದ್ದರು. ನನ್ನ ಬೂಟಿಗೆ ನಾನೇ ಸಹಿ ಮಾಡಿ ಪಡೆಯಬೇಕಾಯಿತು. "ಕಾಲು ನೋಯುತ್ತಿತ್ತೇ?" ಎಂದು ಕೇಳಿದರು. ಇಲ್ಲ, ಕಾಗದ ಎಂದರೆ ನಮಗೆ ಸರಸ್ವತಿ ಎಂದೆ. ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, ಕಾರಣ ಎಂಬ ಕಾಲಮಿನಲ್ಲಿ 'ಧಾರ್ಮಿಕ' ಎಂದು ತುಂಬಿದರು. ಇಷ್ಟು ಅಚ್ಚುಕಟ್ಟು ಮನುಷ್ಯನನ್ನು ಕಂಡು ನನಗೆ ಒಳಗೊಳಗೇ ಪ್ರೀತಿ ಹುಟ್ಟಿತು.

ಎರಡನೆಯದು ಅಷ್ಟು ಹಗುರಾದ ತಪ್ಪಲ್ಲ. ನನ್ನ ಎದುರು ಕುಳಿತಿದ್ದ ಪತ್ರಾಗಾರದ ಉಲ್ರಿಕೆ, ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಮೊದಲ ಕಡತ ತೆರೆದುಕೊಟ್ಟಳು. ಹಾಳೆ ಎಷ್ಟಿವೆ ಎಂದು ಎಣಿಸೋಣವೆಂದು ನಾನು ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ. ಬಟ್ಟೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಎಲ್ಲರೂ ಹೀಗೇ ಎಣಿಸುವುದನ್ನು ನೋಡಿ ಬೆಳೆದವಳು. ಅದಕ್ಕೇ ಅಲ್ಲವೇ ಬೆರಳಿರುವುದು! ಉಲ್ರಿಕೆ ಕೂಗಲಿಲ್ಲ. ಮೇಜಿನ ಮೇಲೆ ಬಗ್ಗಿ ನನ್ನ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಳು. ಹಾವು ಮುಟ್ಟಹೊರಟ ಮಗುವಿನ ಕೈ ಹಿಡಿದಂತೆ ಹಿಡಿದಳು.

"ಇವರು ಸತ್ತು ಇಪ್ಪತ್ತೈದು ವರ್ಷವಾಯಿತು," ಎಂದಳು ಇಂಗ್ಲಿಷಿನಲ್ಲಿ, ನಿಧಾನವಾಗಿ. "ನಿನ್ನ ಉಗುಳು ಇವರ ಪತ್ರಗಳಲ್ಲಿ ಇನ್ನೂರು ವರ್ಷ ಇರುತ್ತದೆ."

ಆ ಮೂರು ವಾರದಲ್ಲಿ ನನ್ನ ಬೆರಳು ಬಾಯಿಯ ಹತ್ತಿರ ಹೋಗಿ ಹಿಂದೆ ಬಂದದ್ದು, ಲೆಕ್ಕ ಇಟ್ಟಿದ್ದೇನೆ, ಹತ್ತೊಂಬತ್ತು ಸಲ.

ಇನ್ನೂರ ಹನ್ನೆರಡು ಪೆಟ್ಟಿಗೆ, ನವೆಂಬರ್ 5, ಬುಧವಾರ

ಸಂಪಾದಕರು ಏನನ್ನೂ ಎಸೆದವರಲ್ಲ. ಚುನಾವಣೆಯ ಕರಪತ್ರದ ಬೆನ್ನಿಗೆ ಲೇಖನ ಬರೆದಿದ್ದಾರೆ, ಲೇಖನದ ಬೆನ್ನಿಗೆ ಕಾಗದ. ತಾವು ಕಳಿಸಿದ ಪ್ರತಿ ಕಾಗದಕ್ಕೂ ಕಾರ್ಬನ್ ಪ್ರತಿ ಇಟ್ಟಿದ್ದಾರೆ. ಪಕ್ಷದ ಜೊತೆ ಜಗಳವಾಡಿ ಹೊರಬಂದು ಮಾಸಪತ್ರಿಕೆ ಶುರು ಮಾಡಿದಾಗ ಓದುಗರು ಬೈದು ಬರೆದ ಪತ್ರಗಳೇ ಒಂದಿಡೀ ಪೆಟ್ಟಿಗೆ. 'ನಿಮ್ಮ ಪತ್ರಿಕೆ ಇನ್ನು ಬೇಡ' ಎಂದವರಿಗೂ ಉತ್ತರವಿದೆ: ನಿಮ್ಮ ಮಾತು ಸರಿಯಿಲ್ಲ, ಆದರೆ ಮತ್ತೆ ಬರೆಯಿರಿ. ಟ್ರಾಮಿನಲ್ಲಿ ಮರೆತ ಒಂದು ಕೊಡೆಯ ಬಗ್ಗೆ ಟ್ರಾಮ್ ಕಚೇರಿಗೆ ಬರೆದ ಕಾಗದ ಆರು. ಕೊಡೆ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ, ಏಳನೆಯದು ಇಲ್ಲ.

ನಮ್ಮ ಮನೆಯಲ್ಲಿ ಕಾಗದಗಳನ್ನು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ತಂತಿ ತುಂಬಿದರೆ ಬಚ್ಚಲ ಒಲೆಗೆ. ಸಾವಿನ ಸುದ್ದಿ ತಂದ ಕಾಗದವಂತೂ ಓದಿದ ಕ್ಷಣವೇ ಹರಿಯಬೇಕು, ಮನೆಯೊಳಗೆ ಇಡಬಾರದು. ನಮಗೆ ಕಾಗದ ಎಂದರೆ ಮುಗಿಯಬೇಕಾದದ್ದು. ಇಲ್ಲಿ ಇಪ್ಪತ್ತು ಡಿಗ್ರಿಯಲ್ಲಿ, ಮಂದ ಬೆಳಕಿನಲ್ಲಿ, ಆಮ್ಲವಿಲ್ಲದ ರಟ್ಟಿನೊಳಗೆ ಅದು ಮುಗಿಯದಂತೆ ಕಾಯುತ್ತಾರೆ.

ಹನ್ನೆರಡು ಗಂಟೆಗೆ ಎಲ್ಲರೂ ಪೆನ್ಸಿಲ್ ಕೆಳಗಿಟ್ಟು ಏಳುತ್ತಾರೆ. ಮೆಟ್ಟಿಲಲ್ಲಿ ಎದುರಾದವರಿಗೆಲ್ಲ 'ಮಾಲ್‌ತ್ಸೈಟ್' ಎನ್ನುತ್ತಾರೆ. ಊಟದ ಹೊತ್ತು ಎಂದಷ್ಟೇ ಅರ್ಥ. ನಮ್ಮ 'ಊಟ ಆಯ್ತಾ?' ಇದ್ದಂತೆ ಎಂದುಕೊಂಡು ನಾನು ಮೊದಲ ದಿನ ನಿಂತು, ಏನು ತಂದಿದ್ದೇನೆ ಎಂದು ವಿವರಿಸಿದೆ. ಅವರು ಸಭ್ಯರು, ಕೇಳಿಸಿಕೊಂಡರು. ಆದರೆ ಅದು ಪ್ರಶ್ನೆಯಲ್ಲವಂತೆ.

ಊಟದ ಮೇಜಿನಲ್ಲಿ ಉಲ್ರಿಕೆಯನ್ನು ಕೇಳಿದೆ: ಒಂದು ಕಾಗದವನ್ನು ಯಾರೂ ನೋಡದಂತೆ ಮುಚ್ಚಿಡಬಹುದೇ?

"ಮುಚ್ಚಬಹುದು. ಬದುಕಿರುವವರಿಗೆ ನೋವಾಗುವುದಿದ್ದರೆ ಮುಚ್ಚುತ್ತೇವೆ. ಆದರೆ ಕಾರಣ ಬರೆಯಬೇಕು. ಕಾರಣ ಬರೆಯಲು ಓದಬೇಕು." ಗಟ್ಟಿ ರೊಟ್ಟಿಯನ್ನು ಚೂರಿಯಿಂದ ಕೊಯ್ಯುತ್ತ ಹೇಳಿದಳು, "ಈ ಊರಿನಲ್ಲಿ ಓದಬಲ್ಲವಳು ನೀನೊಬ್ಬಳೇ."

ಸುಮಾರು ಐವತ್ತು ವರ್ಷ ಆ ಕಾಗದ ಕ್ಷೇಮವಾಗಿತ್ತು, ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ. ಅದನ್ನು ಕಾಯಲು ಬಂದ ನಾನೇ ಅದಕ್ಕೆ ಬಂದ ಮೊದಲ ಅಪಾಯ. ಬಸ್ಸಿನಲ್ಲಿ ನನ್ನ ಬಾಡಿಗೆ ಕೋಣೆಗೆ ಹೋಗುವಾಗ ಇನ್ನೊಂದು ಯೋಚನೆಯೂ ಬಂತು. ಅಚ್ಚಾಗಲಿ ಎಂದು ಹನುಮಕ್ಕ ಬರೆಸಿದ್ದು, ಅಚ್ಚಾಗಲಿಲ್ಲವೆಂದು ಇಂದಿಗೂ ಬಯ್ಯುವುದು. ಅದು ಅವಳ ಗುಟ್ಟು ಹೇಗಾದೀತು?

ಹನ್ನೆರಡು ಹೆಬ್ಬೆಟ್ಟು, ನವೆಂಬರ್ 7, ಶುಕ್ರವಾರ

ಒಂದರಿಂದ ಶುರು ಮಾಡಿದೆ. ಮೊದಲ ಎಂಟು ಕಾಗದ ಓದುವಾಗ ನಗು ತಡೆಯಲಾಗದೆ ಎರಡು ಸಲ ಹೊರಗೆ ಹೋಗಿ ಬಂದೆ. ದೊರೆಯ ಬೋಳು ತಲೆ ಬಿಸಿಲಿಗೆ ಬದನೆಕಾಯಿಯಾಗಿದ್ದು. ಅವರು ಮೆಣಸಿನಕಾಯಿ ಬಜ್ಜಿ ತಿಂದು ಹತ್ತಿ ರಾಶಿಯ ಸುತ್ತ ಓಡಿದ್ದು. ತಗಡಿನ ಸೂರಿನ ಕೆಳಗೆ ಹತ್ತಿಯ ಧೂಳು ಮೂಗು, ಕಿವಿ, ಮೊಸರನ್ನ ಎಲ್ಲದರಲ್ಲೂ ಕೂರುವುದು. ಮೇಸ್ತ್ರಿ ನೀರು ಕುಡಿಯಲು ಬಿಡದಿದ್ದದ್ದು. ಒಬ್ಬಳು ಹೇಳುವಾಗ ಇನ್ನೊಬ್ಬಳು ನಡುವೆ ಬಾಯಿ ಹಾಕಿದ್ದನ್ನೂ ನೀಲಮ್ಮ ಹಾಗೇ ಬರೆದಿದ್ದಾಳೆ. ಹನ್ನೆರಡು ಹೆಬ್ಬೆಟ್ಟು, ಪಕ್ಕದಲ್ಲಿ ಹನ್ನೆರಡು ಹೆಸರು.

ಒಂಬತ್ತನೆಯದರಿಂದ ಅಕ್ಷರ ದುಂಡಗಾಗುತ್ತವೆ, ಮಾತು ಕಡಿಮೆಯಾಗುತ್ತದೆ. ನಾನು ಸಾಲು ಎಣಿಸಿದೆ. ಮೊದಲನೆಯದು ಐವತ್ತೆರಡು ಸಾಲು. ಹನ್ನೆರಡನೆಯದು ಇಪ್ಪತ್ತು. ಹದಿನಾರನೆಯದು ಒಂಬತ್ತು.

ಹದಿನೇಳನೆಯದನ್ನು ಮಗುಚಿಟ್ಟು ಹತ್ತು ನಿಮಿಷ ಕುಳಿತೆ. ಎದುರಿನಲ್ಲಿ ಉಲ್ರಿಕೆ ತನ್ನ ಕೆಲಸ ಮಾಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಕೊನೆಗೆ ತಿರುಗಿಸಿ ಓದಿದೆ. ಪೂರ್ತಿ ಇಲ್ಲಿದೆ:

'ದೊರೆಗಳಿಗೆ ಆದೋನಿ ಜಿನ್ನಿನ ಹೆಣ್ಣುಮಕ್ಕಳ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ಈ ವಾರ ಹತ್ತಿ ಚೆನ್ನಾಗಿ ಬಂದಿದೆ. ಕೆಲಸ ಸುಸೂತ್ರವಾಗಿ ನಡೆದಿದೆ. ಬೇರೆ ವಿಶೇಷವಿಲ್ಲ.'

ಇಷ್ಟೇ. ಇದರಲ್ಲಿ ಮುಚ್ಚಿಡುವುದೇನು? ಯಾರ ಮರ್ಯಾದೆ? ಮತ್ತೆ ಓದಿದೆ, ಹಿಂದೆ ತಿರುಗಿಸಿದೆ, ಬೆಳಕಿಗೆ ಹಿಡಿದೆ. ಬೇರೇನೂ ತೋಚದೆ ರೂಢಿಯಂತೆ ಹೆಬ್ಬೆಟ್ಟು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಹದಿನಾರನೆಯದರ ಹೆಸರುಗಳ ಪಕ್ಕ ಇಟ್ಟು ತಾಳೆ ನೋಡಿದೆ. ಈರಮ್ಮ ಎಂಬ ಹೆಸರು ಇಲ್ಲ. ಹದಿನೆಂಟರಲ್ಲಿ ಇಲ್ಲ, ಇಪ್ಪತ್ಮೂರರವರೆಗೆ ಎಲ್ಲೂ ಇಲ್ಲ. ಯಾಕೆ ಇಲ್ಲ ಎಂದು ಯಾವ ಕಾಗದದಲ್ಲೂ ಒಂದು ಮಾತಿಲ್ಲ.

ಆಗ ಕಣ್ಣಿಗೆ ಬಿತ್ತು. ಹದಿನೇಳನೆಯ ಕಾಗದದ ಕೆಳ ಅಂಚಿನಲ್ಲಿ, ಸಂಪಾದಕರು ತಿದ್ದಲು ಬಳಸುತ್ತಿದ್ದ ನೀಲಿ ಪೆನ್ಸಿಲಿನಲ್ಲಿ, ಸಣ್ಣದಾಗಿ: 11?

ಕನ್ನಡದ ಒಂದಕ್ಷರ ಓದಲು ಬಾರದ ಆ ಸಂಪಾದಕರೂ ಎಣಿಸಿದ್ದರು.

ಸ್ಮಶಾನ, ನವೆಂಬರ್ 9, ಭಾನುವಾರ

ಭಾನುವಾರ ಆ ಊರು ಬಾಯಿ ಮುಚ್ಚಿಕೊಳ್ಳುತ್ತದೆ. ಅಂಗಡಿ ಇಲ್ಲ, ಬಟ್ಟೆ ಒಗೆಯುವ ಸದ್ದಿಲ್ಲ. ನಮ್ಮ ಆದೋನಿಯ ಭಾನುವಾರದಲ್ಲಿ ಮೂರು ಮೈಕುಗಳ ನಡುವೆ ಓದಿ ಪಾಸಾದವಳು ನಾನು. ಆ ಮೌನದಲ್ಲಿ ನನ್ನ ಯೋಚನೆ ನನಗೇ ಜೋರಾಗಿ ಕೇಳಿಸತೊಡಗಿತು. ಸಂಪಾದಕರ ಸಮಾಧಿ ನೋಡಿ ಬರೋಣವೆಂದು ಹೊರಟೆ.

ಹುಡುಕಿ ಹೋದರೆ ಕಲ್ಲಿನ ಮೇಲೊಂದು ಹಳದಿ ಚೀಟಿ ಅಂಟಿಸಿದ್ದರು. ಫೋಟೋ ತೆಗೆದು ಉಲ್ರಿಕೆಗೆ ಕಳಿಸಿದೆ. ಅವಳ ಉತ್ತರ ಬಂತು: ಇಲ್ಲಿ ಸಮಾಧಿಯ ಜಾಗ ಇಂತಿಷ್ಟು ವರ್ಷಕ್ಕೆ ಮಾತ್ರ. ಅವಧಿ ಮುಗಿದಿದೆ, ಮುಂದುವರಿಸುವವರು ಕಚೇರಿಗೆ ಬನ್ನಿ ಎಂದು ಚೀಟಿ. ಯಾರೂ ಬರದಿದ್ದರೆ ಕಲ್ಲು ತೆಗೆದು ಜಾಗ ಬೇರೆಯವರಿಗೆ ಕೊಡುತ್ತಾರೆ.

ನಮ್ಮಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲಿ ಹೂಳುತ್ತೇವೆ. ನೇಗಿಲು ಆ ಗದ್ದುಗೆಯನ್ನು ಸುತ್ತಿ ಹೋಗುತ್ತದೆ, ಎಷ್ಟು ತಲೆಮಾರಾದರೂ. ಅವರ ಕಾಗದ ಮಾತ್ರ ಒಂದೂ ಉಳಿದಿರುವುದಿಲ್ಲ. ಇಲ್ಲಿ ಮನುಷ್ಯನಿಗೆ ಇಪ್ಪತ್ತೈದು ವರ್ಷ, ಅವನ ಕೊಡೆಯ ಕಾಗದಕ್ಕೆ ಶಾಶ್ವತ. ಯಾವುದು ಸರಿ ಎಂದು ಬಹಳ ಹೊತ್ತು ಬೆಂಚಿನ ಮೇಲೆ ಕುಳಿತು ಯೋಚಿಸಿದೆ. ನಮ್ಮ ಜಿನ್ನಿನ ಈರಮ್ಮನಂಥವರಿಗೆ ಹೊಲವೂ ಇರುವುದಿಲ್ಲ, ಪೆಟ್ಟಿಗೆಯೂ ಇರುವುದಿಲ್ಲ. ಹದಿನಾರು ಹೆಬ್ಬೆಟ್ಟಿನ ಗುರುತು ಅವಳದ್ದೆಂದು ಎಲ್ಲಾದರೂ ಉಳಿದಿದ್ದರೆ, ಅದು ಈ ಪರದೇಶಿಯ ರಟ್ಟಿನ ಪೆಟ್ಟಿಗೆಯಲ್ಲಿ ಮಾತ್ರ.

ಕಾರ್ಬನ್ ಪ್ರತಿ, ನವೆಂಬರ್ 10, ಸೋಮವಾರ

ಬಳ್ಳಾರಿಯ ದುಭಾಷಿಗೆ ಸಂಪಾದಕರು ಬರೆದ ಕಾಗದಗಳಿರಬೇಕಲ್ಲ ಎಂದು ಬೆಳಿಗ್ಗೆ ಉಲ್ರಿಕೆಯನ್ನು ಕೇಳಿದೆ. ಅವು ದುಭಾಷಿಯ ಅನುವಾದಗಳ ಜೊತೆಗೆ ಬೇರೆ ಪೆಟ್ಟಿಗೆಯಲ್ಲಿ, ಅವರ ಹೆಸರಿನ ಅಕ್ಷರದ ಕೆಳಗೆ ಇದ್ದವು. ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಕಾರ್ಬನ್ ಪ್ರತಿ ಹಿಡಿದು ಜರ್ಮನ್ ಭಾಷೆಯಿಂದ ನನಗೆ ಇಂಗ್ಲಿಷಿನಲ್ಲಿ ಓದಿ ಹೇಳಿದಳು.

ಸಂಪಾದಕರು ಕೇಳಿದ್ದರು: ಎಲ್ಲರೂ ಕ್ಷೇಮ ಎಂದಿದೆ, ಆದರೆ ಒಬ್ಬಳು ಕಡಿಮೆಯಿದ್ದಾಳೆ. ಯಾರು? ದುಭಾಷಿಯ ಉತ್ತರ: ಅಲ್ಲಿ ಕಾಗದ ಶುರುವಾಗುವುದೇ ಕ್ಷೇಮದಿಂದ, ಅದಕ್ಕೆ ಅರ್ಥ ಹುಡುಕಬೇಡಿ, ಕೂಲಿ ಹೆಂಗಸರು ಬರುತ್ತಾರೆ, ಹೋಗುತ್ತಾರೆ. ಸಂಪಾದಕರಿಗೆ ಸಮಾಧಾನವಾಗಲಿಲ್ಲ. ಜಿನ್ನಿನ ವಿಳಾಸಕ್ಕೆ ಇಂಗ್ಲಿಷಿನಲ್ಲಿ ತಾವೇ ಬರೆದರು. ಅದಕ್ಕೆ ಉತ್ತರ ಪೆಟ್ಟಿಗೆಯಲ್ಲಿಲ್ಲ. ಕೊನೆಗೆ ಉಲ್ರಿಕೆ ಆ ತಿಂಗಳ ಪತ್ರಿಕೆಯ ಪುಟವಿನ್ಯಾಸದ ಹಾಳೆ ತಂದಳು. ನಾಲ್ಕು ಪುಟಕ್ಕೆ ನೀಲಿ ಗೆರೆ ಎಳೆದು 'ಆದೋನಿ' ಎಂದು ಬರೆದಿದ್ದರು. ಆಮೇಲೆ ಅದನ್ನು ಹೊಡೆದುಹಾಕಿ ಅಂಚಿನಲ್ಲೊಂದು ಸಾಲು. ಉಲ್ರಿಕೆ ಅದನ್ನು ಇಂಗ್ಲಿಷಿಗೆ ತಂದು ಹೇಳಿದಳು. "ಅವರು ಹೇಳದ್ದನ್ನು ನಾನು ಅಚ್ಚು ಹಾಕಲಾರೆ. ಹೇಳಿದ್ದನ್ನು ನಾನು ನಂಬಲಾರೆ."

ಹನ್ನೊಂದೂವರೆಗೆ, ಅಂದರೆ ಆದೋನಿಯ ಸಂಜೆ ನಾಲ್ಕಕ್ಕೆ, ಮೆಟ್ಟಿಲ ಬಳಿ ನಿಂತು ಚಿಕ್ಕಜ್ಜಿಗೆ ಫೋನ್ ಮಾಡಿದೆ.

"ಹದಿನೇಳನೇದು ಓದಿದೆ ಅಜ್ಜಿ."

"ಓದಬ್ಯಾಡ ಅಂದಿದ್ನಲ್ಲ."

"ಅದ್ರಾಗ ಏನೂ ಇಲ್ಲ."

"ಹೂಂ. ಇಲ್ಲ ಅಂತನ ಹರಿ ಅಂದಿದ್ದು."

ಹಿನ್ನೆಲೆಯಲ್ಲಿ ಯಾವುದೋ ಆಟೋ ಹಾರ್ನ್ ಬಾರಿಸುತ್ತಿತ್ತು.

"ಈರಮ್ಮ ಎಲ್ಲಿ ಹೋದ್ಲು ಅಜ್ಜಿ?"

"ಸೆರಗು ಬೆಲ್ಟಿಗೆ ಸಿಕ್ಕಿತ್ತವ್ವ," ಎಂದಳು ಚಿಕ್ಕಜ್ಜಿ. "ಹನುಮಕ್ಕ ಪಕ್ಕದಾಗ ಇದ್ಲು. ಮಿಷನ್ ನಿಲ್ಸೂ ಹೊತ್ತಿಗೆ ಆಗಿಹೋಗಿತ್ತು. ಬಂಡಿ ಮ್ಯಾಲಿಂದ ಬಿದ್ದು ಸತ್ಲು ಅಂತ ಹೇಳ್ರಿ ಅಂದ ಮೇಸ್ತ್ರಿ. ಎಲ್ಲಾರೂ ಹಂಗ ಹೇಳಿದ್ರು. ಹನುಮಕ್ಕ ಒಬ್ಬಾಕಿ, 'ನಾ ಪೇಪರ್ ದೊರಿಗೆ ಖರೇ ಹೇಳ್ತೀನಿ, ಬರಿ' ಅಂದ್ಲು. ಹೇಳಿದ್ಲು. ನಾ ಬರೀಲಿಲ್ಲ."

"ಯಾಕ?"

"ಒಂಬತ್ತನೇ ಕಾಗದದಿಂದ ಅಪ್ಪ ಟಪಾಲಿಗಿ ಹಾಕೂಕಿಂತ ಮುಂಚೆ ಎಲ್ಲಾ ಓದತಿದ್ದ. ಅದ್ರ ಬಗ್ಗಿ ಒಂದಕ್ಷರ ಇದ್ರ ನಿನ್ನ ಕೈ ಮುರೀತೀನಿ ಅಂದಿದ್ದ. ದೊರಿ ಇಂಗ್ಲಿಷ್ನಾಗ ಬರದಿದ್ದೂ ಬಂದಿತ್ತು. ಒಲಿಗಿ ಹಾಕ್ದ."

"ಆದ್ರ ಓದಿ ಹೇಳಬೇಕಿತ್ತಲ್ಲ ಅಜ್ಜಿ, ಹೆಬ್ಬೆಟ್ಟು ಒತ್ತೂಕಿಂತ ಮುಂಚೆ?"



"ಹೇಳಿದೆ. ಆಕಿ ಹೆಂಗ ಹೇಳಿದ್ಲೋ ಹಂಗ, ಕಾಗದ ನೋಡಿಕೊಂತ, ಒಂದು ಮಾತು ಬಿಡದಂಗ ಬಾಯಿಪಾಠ ಒಪ್ಪಿಸಿದೆ. ಕಾಗದದಾಗ ಬರೇ ಕ್ಷೇಮ ಇತ್ತು. ಆಕಿ ಕೇಳಿ ಅತ್ತು, ಹೆಬ್ಬೆಟ್ಟು ಒತ್ತಿದ್ಲು, ಆಕಿ ಹಿಂದ ಉಳದವ್ರೂ ಒತ್ತಿದ್ರು. ಈಗೂ ನಮ್ಮ ಮನಿಗಿ ಬಂದು ಆ ದೊರಿನ್ನ ಬೈತಾಳ. ನಾ ಚಾ ಕೊಟ್ಟು ಹೂಂ ಹೂಂ ಅಂತೀನಿ." ಆಮೇಲೆ ಕೇಳಿದಳು, "ನೀ ಈಗ ಏನಂತ ಬರದು ಕೊಡ್ತಿ ಅವ್ರಿಗಿ?"

ಗೊತ್ತಿಲ್ಲ ಅಜ್ಜಿ ಎಂದೆ.

ಒಂದು ಸಾಲು, ನವೆಂಬರ್ 21, ಶುಕ್ರವಾರ

ಉಳಿದ ಇಪ್ಪತ್ತೆರಡು ಕಾಗದಗಳ ಸಾಲುಗಳನ್ನು ಮೊದಲು ಮುಗಿಸಿದೆ. ಹದಿನೇಳನೆಯದಕ್ಕೆ ಎಂಟು ಸಲ ಬರೆದು ಅಳಿಸಿದೆ. 'ಸುಳ್ಳು ಕಾಗದ' ಎಂದು ಬರೆದರೆ ಚಿಕ್ಕಜ್ಜಿಯನ್ನು ಅವಳಿಲ್ಲದಾಗ ಕಟಕಟೆಯಲ್ಲಿ ನಿಲ್ಲಿಸಿದಂತೆ. 'ಕ್ಷೇಮ ಸಮಾಚಾರ' ಎಂದು ಬರೆದರೆ ನಾನೂ ಅದೇ ಕಾಗದವನ್ನು ಇನ್ನೊಮ್ಮೆ ಬರೆದಂತೆ. ನಡೆದದ್ದನ್ನು ನಾನೇ ಬರೆದುಬಿಡಬಹುದಿತ್ತು. ಆದರೆ ನಾನು ಕಂಡವಳಲ್ಲ. ಕಂಡವಳು ಕೋಸಗಿಯಲ್ಲಿದ್ದಾಳೆ, ಅವಳಿಗೆ ತನ್ನ ಮಾತು ಇಲ್ಲಿಗೆ ಬರಲೇ ಇಲ್ಲವೆಂಬುದೇ ಗೊತ್ತಿಲ್ಲ.

ಕೊನೆಗೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆದೆ. 'ಎಲ್ಲರೂ ಕ್ಷೇಮ ಎಂದಿದೆ. ಹೆಬ್ಬೆಟ್ಟು ಹನ್ನೊಂದು. ಹದಿನಾರನೆಯ ಕಾಗದದವರೆಗೆ ಹನ್ನೆರಡು. ಇಲ್ಲಿಂದ ಮುಂದೆ ಇಲ್ಲದ ಹೆಸರು ಈರಮ್ಮ.'

ಉಲ್ರಿಕೆ ಓದಿದಳು. "ನಿನಗೆ ಇದಕ್ಕಿಂತ ಹೆಚ್ಚು ಗೊತ್ತಿದೆ."

"ಗೊತ್ತಿದೆ. ಆದರೆ ಹೇಳಬೇಕಾದವಳು ನಾನಲ್ಲ. ಆಕೆ ಹೇಳಿದರೆ ಈ ಪೆಟ್ಟಿಗೆಯಲ್ಲಿ ಇಡುತ್ತೀರಾ?"

"ಸತ್ತವರ ಕಾಗದಕ್ಕೆ ನಾವು ಒಂದು ಹಾಳೆಯನ್ನೂ ಸೇರಿಸುವುದಿಲ್ಲ," ಎಂದಳು. ನನ್ನ ಮುಖ ನೋಡಿ ಮುಂದುವರಿಸಿದಳು, "ಆದರೆ ಆ ಕಾಗದಗಳ ಬಗ್ಗೆ ನಮಗೆ ಬರುವ ಪತ್ರಗಳಿಗೆ ಬೇರೆ ಕಡತವಿದೆ. ಅದು ಪಕ್ಕದಲ್ಲೇ ಇರುತ್ತದೆ. ಅದಕ್ಕೂ ಇದಕ್ಕೂ ನಾನೇ ನಂಟು ಹಾಕುತ್ತೇನೆ. ನನ್ನ ಹೆಸರಿಗೆ ಕಳಿಸು."

ಕೋಸಗಿ, ನವೆಂಬರ್ 27, ಗುರುವಾರ

ಊರಿಗೆ ಬಂದ ಮೂರನೆಯ ದಿನ ಚಿಕ್ಕಜ್ಜಿ ತಾನೇ ಸೀರೆ ಉಟ್ಟು ಸಿದ್ಧಳಾಗಿ ನಿಂತಿದ್ದಳು. ಬೆಳಗಿನ ಪ್ಯಾಸೆಂಜರಿನಲ್ಲಿ ಇಬ್ಬರೂ ಕೋಸಗಿಗೆ ಹೋದೆವು. ಅರ್ಧ ಓಣಿ ಸುಗ್ಗಿಯ ಕೂಲಿಗೆ ಗುಂಟೂರಿನ ಕಡೆ ಹೋಗಿ ಮನೆಗಳಿಗೆ ಬೀಗ ಬಿದ್ದಿತ್ತು. ಹನುಮಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಬ್ಬಬ್ಬಾ, ನೀಲಮ್ಮ! ನಾ ಬರಬೇಕಿತ್ತು ಸೇಂಗಾ ತಗೊಂಡು, ನೀನ ಬಂದೀಯಲ್ಲ. ಏಮೈಂದಿ, ಏನಾತು? ಯಾರರ ಹೋದ್ರೇನು?"

ಚಿಕ್ಕಜ್ಜಿ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಹನುಮಕ್ಕ ಮೊರವನ್ನು ಆಡಿಸುತ್ತಲೇ ಕೇಳಿದಳು. ಕ್ಷೇಮ ಎಂಬ ಮಾತು ಬಂದಾಗ ಮೊರ ನಿಂತಿತು.

"ಐವತ್ತು ವರ್ಷ ಆ ಮನಷಾನ್ನ ಬೈದೆನಲ್ಲೇ," ಎಂದಳು. "ನಿನ್ನ ಮನ್ಯಾಗ ಕುಂತು, ನಿನ್ನ ಚಾ ಕುಡದು ಬೈದೆ. ನೀ ಹೂಂ ಅಂದಿ."

"ಈಗ ನನ್ನ ಬೈ."

"ನಿನ್ನ ಬೈದ್ರ ಈರಮ್ಮ ಎದ್ದು ಬರ್ತಾಳೇನು?" ನನ್ನ ಕಡೆ ತಿರುಗಿದಳು. "ಆ ದೊರಿ ಅದಾನೇನು?"

"ಇಲ್ಲ ಅಜ್ಜಿ, ಸತ್ತು ಬಹಳ ವರ್ಷ ಆತು. ಅವ್ರು ಹೆಬ್ಬೆಟ್ಟು ಎಣಿಸಿದ್ರು. ಒಂದು ಕಡಿಮಿ ಐತಿ, ಯಾರು ಅಂತ ಕೇಳಿ ಬರದಿದ್ರು."

"ಕೇಳಿದ್ನಾ?" ಅವಳು ಜೋಳದ ಮೇಲೆ ಕೈಯಾಡಿಸಿದಳು. ಮೊರವನ್ನು ಪಕ್ಕಕ್ಕಿಟ್ಟು, "ಪೆನ್ನು ತಗಿ. ನೀ ಬರಿ" ಎಂದಳು.

ಒಂದೂ ಕಾಲು ಗಂಟೆ ಹೇಳಿದಳು. ಅಂದು ಸೇದಿದ ಬಾವಿ ನೀರು ಎಷ್ಟು ಉಪ್ಪಾಗಿತ್ತು ಎಂಬಲ್ಲಿಂದ ಹಿಡಿದು, ಈರಮ್ಮನ ಸೀರೆಯ ಬಣ್ಣ, ಬೆಲ್ಟಿಗೆ ಅಡ್ಡ ಹಾಕಬೇಕಿದ್ದ ಕಬ್ಬಿಣದ ಜಾಲರಿ ತಿಂಗಳಿಂದ ಮೂಲೆಯಲ್ಲಿ ಬಿದ್ದಿದ್ದು, ಬಂಡಿಯಿಂದ ಬಿದ್ದಳೆಂದು ಒಬ್ಬೊಬ್ಬರ ಬಾಯಲ್ಲಿ ಹೇಳಿಸಿದ್ದು. ಏಳು ಪುಟವಾಯಿತು. ಚಿಕ್ಕಜ್ಜಿ ಕಂಬಕ್ಕೆ ಒರಗಿ ನಿಂತೇ ಇದ್ದಳು. ನಡುವೆ ಒಮ್ಮೆ ಅವಳ ತುಟಿಗಳು ಹನುಮಕ್ಕನ ಮಾತಿನ ಜೊತೆಗೇ ಆಡುತ್ತಿದ್ದವು. ಅವಳಿಗೆ ಎಲ್ಲವೂ ಇನ್ನೂ ಬಾಯಿಪಾಠವಾಗಿತ್ತು.

ಮುಗಿದ ಮೇಲೆ ನಾನು ಮೊದಲ ಪುಟ ಎತ್ತಿ ಓದಲು ಹೊರಟೆ. ಹನುಮಕ್ಕ ಕೈ ಅಡ್ಡ ಹಿಡಿದಳು.

"ನೀ ಬ್ಯಾಡ. ಬರದಾಕಿ ಓದಬಾರದು. ಬ್ಯಾರೇದವ್ರು ಓದ್ಲಿ."

ಕನ್ನಡ ಓದುವವರನ್ನು ಹುಡುಕುವುದು ಅಷ್ಟು ಸುಲಭವಿರಲಿಲ್ಲ. ಓಣಿಯಲ್ಲಿ ಕನ್ನಡ ಆಡುವವರು ಎಲ್ಲರೂ, ಶಾಲೆಯಲ್ಲಿ ಕಲಿತದ್ದು ತೆಲುಗು. ಮೂರು ಮನೆ ತಿರುಗಿದ ಮೇಲೆ ಹಿಟ್ಟಿನ ಗಿರಣಿಯವರ ಸೊಸೆ ಸಿಕ್ಕಳು, ಕರ್ನಾಟಕದ ಸಿರುಗುಪ್ಪದ ಕಡೆಯವಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತು, ಏನೆಂದು ತಿಳಿಯದೆಯೇ ಓದತೊಡಗಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಹನುಮಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾಲ್ಕನೆಯ ಪುಟದಲ್ಲಿ ಕಣ್ಣು ತೆರೆದಳು.

"ನಿಲ್ಲು. ಏನಂತ ಐತಿ ಅಲ್ಲಿ?"

"'ಈರಮ್ಮ ಮಷೀನಿಗೆ ಸಿಕ್ಕಿ ಬಿದ್ದಳು' ಅಂತ ಐತ್ರಿ."

"ಬೀಳಲಿಲ್ಲ ಆಕಿ. ಬಿದ್ಲು ಬಿದ್ಲು ಅಂತ ಊರೆಲ್ಲಾ ಹೇಳ್ಯಾರ. ನಾ ಹಂಗ ಅಂದಿಲ್ಲ. ಮಿಷನ್ ಎಳಕೊಂತು ಅಂದೀನಿ. ಹಂಗ ಬರಿ."

ಯಾರ ಹೆದರಿಕೆಯೂ ಇಲ್ಲದೆ, ಬರಹ ಓರಣವಾಗಿರಲಿ ಎಂದಷ್ಟೇ ನಾನೂ ಅವಳ ಮಾತನ್ನು ಬದಲಿಸಿದ್ದೆ. ಹೊಡೆದುಹಾಕಿ ಅವಳು ಹೇಳಿದಂತೆ ಬರೆದೆ. ಗಿರಣಿಯ ಸೊಸೆ ಮತ್ತೆ ಮೊದಲಿನಿಂದ ಓದಬೇಕಾಯಿತು, ಏಳೂ ಪುಟ.

"ಈಗ ಸರಿ ಐತಿ," ಎಂದಳು ಹನುಮಕ್ಕ.

ಪಕ್ಕದ ಅಂಗಡಿಯಿಂದ ಸ್ಟಾಂಪ್ ಪ್ಯಾಡ್ ತಂದೆ. ಕೊನೆಯ ಪುಟದ ಕೆಳಗೆ ಮೊದಲು ಈರಮ್ಮನ ಹೆಸರು ಬರೆಸಿದಳು. ಅದರ ಪಕ್ಕದ ಜಾಗ ಖಾಲಿ ಬಿಡಲು ಹೇಳಿದಳು. ಅದರ ಕೆಳಗೆ ತನ್ನ ಹೆಸರು ಬರೆಸಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಕಂಬದ ಕಡೆ ನೋಡಿದಳು.

"ಬಾ. ನೀನೂ ಒತ್ತು."

"ನನಗ ಸಹಿ ಮಾಡಾಕ ಬರ್ತೈತಲ್ಲ ಹನುಮಕ್ಕ," ಎಂದಳು ಚಿಕ್ಕಜ್ಜಿ, ಪೆನ್ನಿಗೆ ಕೈ ಚಾಚುತ್ತ.

"ಬರ್ತೈತಿ. ಅದಕ್ಕ ಹೇಳಿದ್ದು. ಸಹಿ ಬ್ಯಾಡ, ನಮ್ಮಂಗ ಒತ್ತು."

ಚಿಕ್ಕಜ್ಜಿ ಬಂದು ನೆಲದ ಮೇಲೆ ಕುಳಿತು ಎಡಗೈ ಮುಂದೆ ಮಾಡಿದಳು. ಅವಳ ಬೆರಳಿಗೆ ಒತ್ತಿ ರೂಢಿಯಿರಲಿಲ್ಲ. ಗುರುತು ಕಲೆಸಿಹೋಗುತ್ತದೆ ಎಂದು ನಾನು ಹಿಡಿಯಲು ಹೋದೆ. ಅಷ್ಟರಲ್ಲಿ ಹನುಮಕ್ಕ ಅವಳ ಹೆಬ್ಬೆಟ್ಟನ್ನು ತನ್ನ ಮುಷ್ಟಿಯಲ್ಲಿ ತೆಗೆದುಕೊಂಡು, ಮಸಿಗೆ ಮುಟ್ಟಿಸಿ, ತನ್ನ ಗುರುತಿನ ಪಕ್ಕದಲ್ಲೇ ಒತ್ತಿ ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ.